ನಗೆಗೀಡಾದ ಧರ್ಮರಾಜ

ಭಯದಿಂದ ನೆನೆಯತಕ್ಕ ದೇವತೆಯನ್ನು ಕಂಡು ನಗುವುದು ಅಧರ್ಮವೆ? ತೆಲುಗು ಚಲಚ್ಚಿತ್ರಗಳಲ್ಲಿ ಯಮಧರ್ಮರಾಯನು ಪಟ್ಟಿರುವ ಪಾಡನ್ನು ನೋಡಿದವರಿಗೆ ಈ ಪ್ರಶ್ನೆಯು ಹುಟ್ಟದಿರದು. 1933ರ ‘ಸಾವಿತ್ರಿ’ಯಲ್ಲಿ ವೇಮೂರಿ ಗಗ್ಗಯ್ಯನವರು ಅಭಿನಯಿಸಿದ ಯಮನು ಪುರಾಣದ ಯಮನೇ. 1960ರ ‘ದೇವಾಂತಕುಡು’ ಬರುವ ಹೊತ್ತಿಗೆ ಅವನು ಹಾಸ್ಯಕ್ಕೆ ವಸ್ತುವಾದನು. 1977ರ ‘ಯಮಗೋಲ’ದಲ್ಲಂತೂ ಯಮಲೋಕವನ್ನು ಸೇರಿದ ನಾಯಕನು ಅಲ್ಲಿಯ ಕಿಂಕರರಿಂದಲೇ ಮುಷ್ಕರ ಹೂಡಿಸುತ್ತಾನೆ. ಅದರಲ್ಲಿ ಯಮನ ಕಿರೀಟವನ್ನು ಧರಿಸಿದ ಕೈಕಾಲ ಸತ್ಯನಾರಾಯಣರೇ 1988ರ ‘ಯಮುಡಿಕಿ ಮೊಗುಡು’ ಚಿತ್ರದಲ್ಲಿಯೂ ಯಮನಾದರು. ಹೆಸರೇ ‘ಯಮನಿಗೆ ಗಂಡ’ ಎಂದ ಮೇಲೆ ಹೇಳತಕ್ಕದ್ದೇನು! ಅಲ್ಲಿ ಆಯುಸ್ಸು ತೀರದವನೊಬ್ಬನನ್ನು ತಪ್ಪಾಗಿ ಎಳೆತಂದ ಯಮನು ಅವನ ಮುಂದೆ ಕಕ್ಕಾಬಿಕ್ಕಿಯಾಗಿ ನಿಲ್ಲಬೇಕಾಗುವುದು.

ಇದರಿಂದ ಪಾಪಭೀತಿಯು ಸಡಿಲವಾಗುವುದೆಂದು ಹಿರಿಯರು ನೊಂದುಕೊಂಡರೆ ಅದನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಬಿಡುವಂತಿಲ್ಲ. ಯಮನು ಮೃತ್ಯುವೂ ಹೌದು, ಧರ್ಮವೂ ಹೌದು. ಒಂದನ್ನು ನೋಡಿ ನಕ್ಕವನು ಇನ್ನೊಂದನ್ನು ನೋಡಿಯೂ ನಗಬಹುದಷ್ಟೆ.

ಆದರೆ ಧರ್ಮಾಧಿಕಾರಿಯ ತಪ್ಪನ್ನು ಎತ್ತಿ ಆಡುವುದು ಚಲಚ್ಚಿತ್ರವು ಹೊಸದಾಗಿ ಕಲಿಸಿದ ವಿದ್ಯೆಯಲ್ಲ. ಭಾರತದ ಆದಿಪರ್ವದ ಮಾಂಡವ್ಯೋಪಾಖ್ಯಾನವನ್ನು ಹನ್ನೊಂದನೆಯ ಶತಮಾನದಲ್ಲಿಯೇ ನನ್ನಯನು ತೆಲುಗಿಗೆ ತಂದನು. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಅಡಗಿದರು. ರಾಜಭಟರು ಕಳ್ಳರೊಡನೆ ಅವನನ್ನೂ ಶೂಲಕ್ಕೇರಿಸಿದರು. ಬದುಕಿ ಉಳಿದ ಮಾಂಡವ್ಯನು ಯಮನ ಸಭೆಗೆ ಹೋಗಿ, ತಾನು ಮಾಡಿದ ಪಾಪವಾವುದೆಂದು ಕೇಳಿದನು. ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದ್ದೇ ಪಾಪವೆಂದು ಉತ್ತರವಾಯಿತು. ಅಷ್ಟು ಸಣ್ಣ ತಪ್ಪಿಗೆ, ಅದೂ ಅರಿಯದ ವಯಸ್ಸಿನದಕ್ಕೆ, ಶೂಲವೆ? ಋಷಿಯು ಯಮನಿಗೆ ಶಾಪವಿತ್ತನು. ಯಮನು ಶೂದ್ರಯೋನಿಯಲ್ಲಿ ವಿದುರನಾಗಿ ಹುಟ್ಟಬೇಕಾಯಿತು. (ಹುಟ್ಟನ್ನೇ ದಂಡನೆಯೆಂದೆಣಿಸಿದ ಆ ಮಾತು ಇಂದಿನ ಕಿವಿಗೆ ಕಹಿ, ಆ ಹುಟ್ಟಿನವನೇ ಕುರುಸಭೆಯಲ್ಲಿ ಧರ್ಮವನ್ನಾಡಿದನೆಂಬುದನ್ನೂ ಮರೆಯಲಾಗದು.) ತೀರ್ಪುಗಾರನೂ ತೀರ್ಪಿಗೆ ಒಳಗೆಂದು ಪರಂಪರೆಯೇ ಒಪ್ಪಿರುವಾಗ, ಕಡತ ತಪ್ಪಿದ ಚಿತ್ರಗುಪ್ತನನ್ನು ನೋಡಿ ಪ್ರೇಕ್ಷಕರು ನಕ್ಕರೆ ಧರ್ಮಕ್ಕೆ ಬಂದ ಕುಂದೇನು?

ಕುಂದು ಬೇರೊಂದು ಕಡೆಯಲ್ಲಿದೆ. ಮಾಂಡವ್ಯನು ಶಪಿಸಿ ಸುಮ್ಮನಾಗಲಿಲ್ಲ; ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವೆನಿಸಲಾಗದೆಂದು ಲೋಕಕ್ಕೆಲ್ಲ ಮರ್ಯಾದೆಯನ್ನು ವಿಧಿಸಿದನು. ಅವನ ನೋವು ಎಲ್ಲ ಮಕ್ಕಳಿಗೂ ರಕ್ಷೆಯಾಯಿತು. ಚಿತ್ರದ ನಾಯಕನಾದರೋ ಗೆದ್ದು ತರುವುದು ತನ್ನ ಪ್ರಾಣವೊಂದನ್ನೇ. ಸಾವಿತ್ರಿಯೂ ತನ್ನ ಗಂಡನಿಗಾಗಿಯೇ ಬೇಡಿದಳಲ್ಲವೆ ಎನ್ನಬಹುದು. ದಿಟ, ಆದರೆ ಅರಣ್ಯಪರ್ವದ ಆ ಕಥೆಯಲ್ಲಿ ಅವಳು ಮೊದಲು ಕೇಳಿದ್ದು ಮಾವನ ಕಣ್ಣನ್ನು, ರಾಜ್ಯವನ್ನು, ತಂದೆಗೆ ಪುತ್ರರನ್ನು. ಅವಳು ಯಮನನ್ನು ಮೋಸಗೊಳಿಸಲಿಲ್ಲ. ಧರ್ಮವನ್ನೇ ನುಡಿದು ಅವನನ್ನು ಮೆಚ್ಚಿಸಿದಳು. ಅಮರಕೋಶವು ಯಮನಿಗೆ ‘ಸಮವರ್ತಿ’ ಎಂಬ ಹೆಸರನ್ನೂ ಕೊಟ್ಟಿದೆ. ಅರಸನಿಗೂ ಆಳಿಗೂ ಒಂದೇ ಅಳತೆ ಎಂಬ ಆ ಗುಣವನ್ನು ಯುಕ್ತಿಯಿಂದ ಮುರಿದವನಿಗೆ ಚಪ್ಪಾಳೆ ತಟ್ಟುವಾಗ, ಪ್ರೇಕ್ಷಕನು ಬಡವನಿಗೆ ಉಳಿದಿರುವ ಕಡೆಯ ಸಮತೆಯನ್ನೇ ನಗೆಗೆ ತೆರುತ್ತಾನೆ.

1994ರ ‘ಯಮಲೀಲ’ ಈ ಗುಂಪಿನಲ್ಲಿ ಸ್ವಲ್ಪ ಬೇರೆ. ಚಿತ್ರಗುಪ್ತನ ಪುಸ್ತಕವು ಭೂಮಿಗೆ ಬಿದ್ದು ಪೋಕರಿ ಹುಡುಗನೊಬ್ಬನ ಕೈ ಸೇರುವುದು. ಅದರ ಬಲದಿಂದ ಸುಖಪಡುತ್ತಿದ್ದವನು ತಾಯಿಯ ಸಾವು ಸಮೀಪಿಸಿರುವುದನ್ನೂ ಅದರಲ್ಲಿಯೇ ಓದಬೇಕಾಗುತ್ತದೆ. ನಗುತ್ತ ಬಂದ ಸಭೆಯು ಅಲ್ಲಿ ಸದ್ದಡಗುತ್ತದೆ.

ಗೋದಾವರಿಯ ದಡದ ಧರ್ಮಪುರಿಯಲ್ಲಿ, ನರಸಿಂಹ ಕ್ಷೇತ್ರದೊಳಗೆ, ಯಮನಿಗೊಂದು ಗುಡಿಯುಂಟು. ಪಾಪಿಗಳನ್ನು ದಂಡಿಸಿ ದಂಡಿಸಿ ನೆಮ್ಮದಿಗೆಟ್ಟ ಯಮನು ಅಲ್ಲಿ ಮಿಂದು ಶಾಂತಿ ಪಡೆದನೆಂದು ಸ್ಥಳದ ಐತಿಹ್ಯ. ಇಷ್ಟೊಂದು ಚಿತ್ರಗಳಲ್ಲಿ ಯಮನು ಗದರಿದನು, ಬೆಪ್ಪಾದನು, ಸೋತನು. ದಂಡಿಸುವವನಿಗೂ ದುಃಖವುಂಟೆಂದು ಆ ಊರಿನವರು ಬಲ್ಲ ಈ ಯಮನನ್ನು ತೆರೆಯ ಮೇಲೆ ತರಲು ಯಾರೂ ಮನಸ್ಸು ಮಾಡಿದಂತೆ ತೋರುವುದಿಲ್ಲ.