ಆಯಿಯ ಕುಂಚಿಗಿ, ಚಂದಯ್ಯನ ಲಿಂಗ

ಒಂದು ಕುಂಚಿಗಿ ಕಳೆದುಹೋದೀತು ಎಂದು ಹೆದರುವುದು ಮೋಹವೋ, ಇಲ್ಲ ಅದು ಬೇರೆ ಇನ್ನೇನಾದರೂ ಇದ್ದೀತೋ? ಒಂದೊಂದಾಗಿ ಬಿಡುವುದನ್ನು ಕಲಿಯಬೇಕಾದ ವಯಸ್ಸು ನನ್ನದು. ಆದರೆ ಮನಸ್ಸು ಮಾತ್ರ ಕಬ್ಬಿಣದ ಟ್ರಂಕಿನ ತಳದಲ್ಲಿರುವ ಒಂದು ಅರಿವೆಯ ಸುತ್ತ ತಿರುಗುತ್ತದೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಪರಊರಿಗೆ ಹೊರಟಾಗ, ಮಳೆಗಾಲದಲ್ಲಿ ಗೋಡೆ ತೇವ ಹಿಡಿದಾಗ ನಾನು ಮೊದಲು ಮುಟ್ಟಿ ನೋಡುವುದು ಅದನ್ನೇ. ಬಂಗಾರದ ಬಗ್ಗೆ ನನಗೆ ಇಷ್ಟು ಚಿಂತೆ ಇಲ್ಲ. ಬಂಗಾರ ಹೋದರೆ ಹೋದದ್ದು ಇಷ್ಟು ತೊಲ ಎಂದು ಹೇಳಬಹುದು, ನಾಲ್ಕು ದಿನ ಅತ್ತು ಸುಮ್ಮನಾಗಬಹುದು. ಕುಂಚಿಗಿ ಹೋದರೆ ಏನು ಹೋಯಿತು ಎಂದು ಹೇಳಲಿ?

ದಕ್ಷಿಣದ ಕಡೆಯ ಓದುಗರಿಗೆ ಒಂದು ಮಾತು. ಕುಲಾವಿ ಬರೀ ತಲೆಗೆ. ಕುಂಚಿಗಿ ತಲೆಗೆ ಟೊಪ್ಪಿಗೆಯಾಗಿ ಕುಳಿತು, ಹಿಂದೆ ಕೂಸಿನ ಬೆನ್ನು ಮುಚ್ಚುವಷ್ಟು ಇಳಿಬೀಳುತ್ತದೆ. ತೊಟ್ಟಿಲ ಕಾರ್ಯಕ್ಕೆ ತವರಿನವರು ಹೊತ್ತು ತರುವ ಸಾಮಾನಿನಲ್ಲಿ ಅದು ಇರಲೇಬೇಕು. ನನ್ನ ಹತ್ತಿರ ಇರುವುದು ಆಯಿ, ಎಂದರೆ ನಮ್ಮವ್ವನ ತಾಯಿ, ತನ್ನ ಮೊದಲ ಮೊಮ್ಮಗುವಿಗೆ ಹೊಲಿದದ್ದು. ತಲೆಯ ಭಾಗ ಗುಳೇದಗುಡ್ಡದ ಖಣ. ಬೆನ್ನಿನ ಭಾಗ ಅವಳ ಹಳೆಯ ಚಂದ್ರಕಾಳಿ ಸೀರೆಯ ತುಂಡು, ಅಚ್ಚಕಪ್ಪು. ಕೂಸಿನ ಕೆನ್ನೆಗೆ ಚುಚ್ಚದಿರಲೆಂದು ಒಳಗೆ ಮುತ್ಯಾನ ಧೋತರದ ಅರಿವೆ, ಒಗೆದು ಒಗೆದು ಮೆತ್ತಗಾದದ್ದು. ಅಂಚಿಗೆ ಗಾಜಿನ ಮಣಿ. ಕಪ್ಪಿನ ಮೇಲೆ ಕಸೂತಿಯ ಗೋಪುರ, ಕಸೂತಿಯ ತೇರು, ಕೆಳಗೆ ಸಾಲು ಆನೆ.

ಕಸೂತಿ ಎಳೆ ಎಣಿಸಿ ಮಾಡುವ ಕೆಲಸ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಸೂಜಿ ಒಂದು ಜಾಗ ಬಿಟ್ಟು ಒಂದು ಜಾಗ ಹಿಡಿಯುತ್ತ ಗೆರೆಯ ಕೊನೆ ಮುಟ್ಟುತ್ತದೆ, ಆಮೇಲೆ ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಹೀಗಾಗಿ ಮೇಲುಮಗ್ಗಲು ಹೇಗೋ ಒಳಮಗ್ಗಲೂ ಹಾಗೆಯೇ. ಹೋಗುವಾಗ ಒಂದೇ ಒಂದು ಎಳೆ ಲೆಕ್ಕ ತಪ್ಪಿದರೂ ಬರುವಾಗ ಗೆರೆ ಕೂಡುವುದಿಲ್ಲ, ಅಷ್ಟನ್ನೂ ಬಿಚ್ಚಬೇಕು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಲಾಟೀನಿನ ಬೆಳಕಿನಲ್ಲಿ ಕಪ್ಪು ಬಟ್ಟೆಯ ಕಪ್ಪು ಎಳೆ ಎಣಿಸುತ್ತಿದ್ದಳು.

ಆ ಸಾಲಿನಲ್ಲಿ ಮೂರನೆಯ ಆನೆಯ ಸೊಂಡಿಲು ಅರ್ಧದವರೆಗೆ ಕೆಂಪು, ಮುಂದೆ ಕಿತ್ತಳೆ. ಕೆಂಪು ದಾರ ತೀರಿರಬೇಕು. ಮುಂದಿನ ಸಂತೆಯವರೆಗೆ ಕಾಯುವಷ್ಟು ಪುರುಸೊತ್ತು ಇರಲಿಕ್ಕಿಲ್ಲ, ಮಗಳ ಹೆರಿಗೆಯ ದಿನ ಹತ್ತಿರ ಬಂದಿರಬೇಕು. ಮನೆಯಲ್ಲಿದ್ದ ದಾರದಿಂದಲೇ ಮುಗಿಸಿದ್ದಾಳೆ. ಮುಂದಿನ ಆನೆಗಳು ಮತ್ತೆ ಕೆಂಪು. ಯಾವುದೋ ಒಂದು ಮಧ್ಯಾಹ್ನ ಅವಳು ಏನು ಯೋಚಿಸಿದಳು ಎಂಬುದು ನನಗೆ ಆ ಸೊಂಡಿಲಿನಲ್ಲಿ ಕಾಣುತ್ತದೆ. ಅವಳ ಒಂದೇ ಒಂದು ಫೋಟೋ ನಮ್ಮಲ್ಲಿದೆ, ಯಾರದೋ ಮದುವೆಯಲ್ಲಿ ತೆಗೆದದ್ದು. ಅದರಲ್ಲಿ ಅವಳು ಸೆರಗಿನೊಳಗೇ ಇದ್ದಾಳೆ, ಮುಖ ಸರಿಯಾಗಿ ಕಾಣುವುದಿಲ್ಲ.

‘ಹಂಗಿದ್ರ ಇಂಥದ್ದೇ ಇನ್ನೊಂದು ಮಾಡಿಸಿಡು’ ಎಂದು ಹೇಳುವವರಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಕಸೂತಿ ಹಾಕಿಕೊಡುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ, ಗಾವಂತಿ ನನಗೂ ಬರುತ್ತದೆ. ಗೋಪುರ, ತೇರು, ಆನೆ ಎಲ್ಲವನ್ನೂ ಎಳೆ ಎಣಿಸಿ ಮತ್ತೆ ಹಾಕಬಹುದು. ಆದರೆ ಆ ಕಿತ್ತಳೆ ಸೊಂಡಿಲನ್ನು ಬೇಕೆಂದೇ ಕಿತ್ತಳೆ ಮಾಡಿದರೆ ಅದು ಸುಳ್ಳಾಗುತ್ತದೆ. ನನ್ನ ಕಣ್ಣಮುಂದೆ ಕೆಂಪು ದಾರದ ಲಡಿ ಬಿದ್ದಿರುವಾಗ ದಾರ ತೀರಿದವಳ ಹಾಗೆ ಹೊಲಿಯಲಿಕ್ಕೆ ನನಗೆ ಬರುವುದಿಲ್ಲ.

ನಮ್ಮ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಜೈನ ಗೆಳತಿಯೊಬ್ಬಳ ಜೊತೆ ಈ ವಿಷಯ ಬಹಳ ಸಲ ಮಾತಾಡಿದ್ದೇನೆ. ಅವಳು ಓದಿಕೊಂಡವಳು. ಪರಿಗ್ರಹದ ಲಕ್ಷಣವನ್ನು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ವಸ್ತುವಿನಲ್ಲಿ ಹುಡುಕುವುದಿಲ್ಲ, ವಸ್ತುವಿನ ಬಗ್ಗೆ ನಮಗೆ ಕವಿಯುವ ಮಂಪರಿನಲ್ಲಿ ಹುಡುಕುತ್ತದೆ ಎಂದು ಅವಳು ನನಗೆ ಹೇಳಿಕೊಟ್ಟಳು. ಹಾಗಾದರೆ ಮನೆ ತುಂಬ ಸಾಮಾನಿದ್ದವರಲ್ಲಿ ಪರಿಗ್ರಹ ಕಡಿಮೆ ಇರಬಹುದು, ಒಂದು ಕುಂಚಿಗಿ ಇದ್ದವಳಲ್ಲಿ ಬೆಟ್ಟದಷ್ಟು ಇರಬಹುದು. ಈ ಮಾತು ನನ್ನನ್ನು ಚುಚ್ಚಿತು. ಚುಚ್ಚಿದ್ದು ಒಳ್ಳೆಯದೇ ಆಯಿತು.

ದಿಗಂಬರ ಮುನಿಗಳು ಬಟ್ಟೆಯನ್ನೂ ಬಿಟ್ಟವರು. ಅವರ ಕೈಯಲ್ಲಿರುವುದು ಕಮಂಡಲು ಮತ್ತು ನವಿಲುಗರಿಯ ಪಿಂಛಿ. ಪಿಂಛಿಯೂ ಕೈಕೆಲಸದ್ದೇ. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಕೂಡಿಸಿ ಕಟ್ಟುತ್ತಾರೆ, ಕೂರುವ ಜಾಗದಲ್ಲಿನ ಹುಳಹುಪ್ಪಡಿಗೆ ನೋವಾಗದಂತೆ ಅದರಿಂದ ಮೆಲ್ಲಗೆ ಸರಿಸುತ್ತಾರೆ. ವರ್ಷಕ್ಕೊಮ್ಮೆ ಚಾತುರ್ಮಾಸ ಮುಗಿದ ಮೇಲೆ ಪಿಂಛಿ ಪರಿವರ್ತನೆ ನಡೆಯುತ್ತದೆ. ಮುನಿಗಳು ಶ್ರಾವಕರಿಂದ ಹೊಸ ಪಿಂಛಿ ಸ್ವೀಕರಿಸುತ್ತಾರೆ, ಹಳೆಯದನ್ನು ಗೃಹಸ್ಥರೊಬ್ಬರಿಗೆ ಕೊಡುತ್ತಾರೆ. ತೆಗೆದುಕೊಂಡವರು ಯಾವುದಾದರೊಂದು ನಿಯಮ ಹಿಡಿಯುತ್ತಾರೆ. ನನ್ನ ಗೆಳತಿಯ ಮನೆಯಲ್ಲಿ ಅವಳ ಅತ್ತೆ-ಮಾವ ಹಾಗೆ ಪಡೆದ ಪಿಂಛಿ ಒಂದಿದೆ. ವರ್ಷವಿಡೀ ಹಿಡಿದಿದ್ದನ್ನು ಮುನಿಗಳು ಒಂದು ದಿನ ಕೊಟ್ಟು ನಡೆದರು. ಇವರ ಮನೆಯಲ್ಲಿ ಅದು ಎರಡು ತಲೆಮಾರಿನಿಂದ ಗಾಜಿನ ಕಪಾಟಿನಲ್ಲಿದೆ. ನಾನು ಕೇಳಿದೆ, ‘ಅದು ಕಳದ್ರ ನಿನಗ ಏನಾಗ್ತದ?’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ದುಃಖ ಆಗೇ ಆಗ್ತದ. ಆದ್ರ ನಮ್ಮತ್ತಿ ರಾತ್ರಿ ಊಟ ಬಿಟ್ಟಿದ್ರಲ್ಲ, ಆ ನಿಯಮ ಕಳೀಲಿಕ್ಕಿಲ್ಲ. ನಾನೂ ಬಿಟ್ಟೀನಲ್ಲ.’

ಆ ಉತ್ತರ ನನ್ನ ತಲೆಯಲ್ಲಿ ಉಳಿಯಿತು. ಕೊಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ನಾನು ಅದರಿಂದ ಹಿಡಿದೆ. ಪುರಂದರದಾಸರ ಕಥೆಯಲ್ಲಿ ಅವರು ಬಿಟ್ಟ ಸಂಪತ್ತನ್ನು ಎಲ್ಲರೂ ಕೊಂಡಾಡುತ್ತಾರೆ. ಅದಕ್ಕಿಂತ ಮೊದಲು ಅವರ ಹೆಂಡತಿ ತವರಿನವರು ಕೊಟ್ಟ ಮೂಗುತಿಯನ್ನು ಬಿಚ್ಚಿ ಬಡವನೊಬ್ಬನ ಕೈಯಲ್ಲಿಟ್ಟಿದ್ದಳು. ತವರಿನ ಸಾಮಾನು ಎಂದರೇನೆಂದು ಹೆಣ್ಣುಮಕ್ಕಳಿಗೆ ಗೊತ್ತು. ಕೊಡುವಾಗ ಅವಳು ನಡುಗಲಿಲ್ಲ. ಗಂಡ ‘ಮೂಗುತಿ ಎಲ್ಲಿ?’ ಎಂದು ಕೇಳಿದಾಗ ನಡುಗಿದಳು. ಕೊಟ್ಟದ್ದನ್ನು ಕಳೆದದ್ದೆಂದು ಲೆಕ್ಕ ಒಪ್ಪಿಸಬೇಕಾಗಿ ಬಂದದ್ದು ಅವಳ ಸಂಕಟ. ಕೊಟ್ಟ ವಸ್ತುವಿಗೆ ಆ ಕಡೆ ಒಂದು ಕೈ ಇರುತ್ತದೆ. ಕಳೆದ ವಸ್ತು ಎಲ್ಲಿ ಬಿತ್ತು, ಯಾರ ಕಾಲಡಿ ಹೋಯಿತು ಎಂಬುದು ಗೊತ್ತೇ ಆಗುವುದಿಲ್ಲ. ನನ್ನನ್ನು ರಾತ್ರಿ ಎಬ್ಬಿಸುವುದು ಈ ಎರಡನೆಯದು.

ಇನ್ನು ನಮ್ಮ ಕಡೆಯ ಕಥೆ. ಆಯಿಯ ಊರು ವಿಜಯಪುರ ಜಿಲ್ಲೆ. ಅದೇ ಸೀಮೆಯ ಶಿವಣಗಿಯವರು ನುಲಿಯ ಚಂದಯ್ಯನವರು ಎಂದು ಹೇಳುತ್ತಾರೆ. 12ನೇ ಶತಮಾನದ ಶರಣ. ಕೆರೆಯ ದಂಡೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮರಿಗೆ ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಬಗ್ಗಿ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ಬಿತ್ತು. ನಮ್ಮ ಮನೆಯಲ್ಲಿ ಲಿಂಗ ಜಾರುವುದೆಂದರೆ ಏನು ಎಂದು ಹೊರಗಿನವರಿಗೆ ತಿಳಿಸುವುದು ಕಷ್ಟ. ಸ್ನಾನ ಮಾಡುವಾಗ ಶಿವದಾರ ಹರಿದಿದೆಯೇ ಎಂದು ಆಯಿ ದಿನವೂ ಬೆರಳಿನಿಂದ ಎಳೆದು ನೋಡುತ್ತಿದ್ದಳು. ಅದು ಕಳೆದರೆ ಬಾಯಿಗೆ ನೀರೂ ಇಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಚಂದಯ್ಯನಾದರೋ ಬಿದ್ದ ಲಿಂಗವನ್ನು ಎತ್ತಿಕೊಳ್ಳದೆ ಹುಲ್ಲು ಕೊಯ್ದು ಹೊರೆ ಕಟ್ಟಿ ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬಂದು ತನ್ನನ್ನು ಧರಿಸು ಎಂದು ಬೇಡಿತು. ಅವನು ಒಪ್ಪಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ತಿಳಿಹೇಳಬೇಕಾಯಿತು. ಚಂದಯ್ಯ ಲಿಂಗವನ್ನು ಒಳಗೆ ಕರೆದುಕೊಂಡ, ಆದರೆ ಪೂಜೆಗೆ ಕೂರಿಸಲಿಲ್ಲ, ಹಗ್ಗ ಕೊಟ್ಟು ಮಾರಿ ಬಾ ಎಂದು ಕಳಿಸಿದ. 15ನೇ ಶತಮಾನದಲ್ಲಿ ಶೂನ್ಯಸಂಪಾದನೆಯನ್ನು ಕೂಡಿಸಿದವರು ಈ ಪ್ರಸಂಗಕ್ಕೆ ಒಂದು ಅಧ್ಯಾಯದಷ್ಟು ಜಾಗ ಬಿಟ್ಟಿದ್ದಾರೆ.

ಈ ಕಥೆ ಆಯಿಯೇ ನನಗೆ ಹೇಳಿದ್ದು, ಮಡಿಲಲ್ಲಿ ಸೂಜಿದಾರ ಇಟ್ಟುಕೊಂಡು. ಬಹಳ ಜನ ಇದರಲ್ಲಿ ‘ಲಿಂಗಕ್ಕಿಂತ ಕಾಯಕ ದೊಡ್ಡದು’ ಎಂಬುದನ್ನಷ್ಟೇ ನೋಡುತ್ತಾರೆ. ನನಗೆ ಅಷ್ಟು ಸಾಲದು. ಹಾಗಿದ್ದರೆ ಮಾಚಯ್ಯ ಬರಬೇಕಾಗಿಯೇ ಇರಲಿಲ್ಲ. ಬಿಟ್ಟು ನಡೆದ ಚಂದಯ್ಯನನ್ನು ಆ ಕಥೆ ಅಲ್ಲಿಗೇ ಬಿಡುವುದಿಲ್ಲ, ಹಿಂದಕ್ಕೆ ಕರೆಯುತ್ತದೆ. ಬಿದ್ದದ್ದನ್ನು ಬಿದ್ದಲ್ಲೇ ಬಿಡುವುದೂ ಒಂದು ಸೊಕ್ಕು ಎಂದು ಮಾಚಯ್ಯನಿಗೆ ಕಂಡಿರಬೇಕು ಎಂಬುದು ನನ್ನ ಊಹೆ. ಅತ್ತ ಲಿಂಗಕ್ಕೂ ಕರಡಿಗೆಯೊಳಗೆ ಸುಮ್ಮನೆ ಕೂರುವ ಹಾಗಿಲ್ಲ. ಅದು ದುಡಿಯಬೇಕು, ಸಂತೆಗೆ ಹೋಗಬೇಕು, ಜನರ ಕೈಗೆ ಬೀಳಬೇಕು. ಸಂತೆಗೆ ಹೋದದ್ದು ದಾರಿಯಲ್ಲಿ ಕಳೆದೂ ಹೋಗಬಹುದಿತ್ತು. ಚಂದಯ್ಯ ಅಷ್ಟಕ್ಕೂ ತಯಾರಿದ್ದ.

ಇನ್ನೊಂದು ವಿಷಯವನ್ನು ನಾನು ತಡವಾಗಿ ಯೋಚಿಸಿದ್ದು. ಆಯಿ ಲಿಂಗೈಕ್ಯಳಾದಾಗ ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಎಡಗೈಯಲ್ಲಿ ಅವಳ ಇಷ್ಟಲಿಂಗವಿತ್ತು. ಜೀವಮಾನವಿಡೀ ದಾರ ಎಳೆದು ನೋಡಿ ಕಾಪಾಡಿದ್ದು ಅವಳ ಜೊತೆಗೇ ಹೋಯಿತು. ಅದನ್ನು ನನಗೆ ಕೊಡಿ ಎಂದು ಮಗಳಾಗಲಿ ಮೊಮ್ಮಗಳಾಗಲಿ ಕೇಳುವಂತಿಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡದು ವಾರಸಿಗೆ ಬರುವುದೇ ಇಲ್ಲ, ಹುಟ್ಟಿದ ಪ್ರತಿ ಕೂಸಿಗೂ ಅದರದೇ ಲಿಂಗ. ಶ್ರಾದ್ಧವೂ ನಮ್ಮಲ್ಲಿಲ್ಲ, ಏಕೆಂದರೆ ಐಕ್ಯರಾದವರು ಎಲ್ಲೋ ಹಸಿದು ಕಾಯುತ್ತಿಲ್ಲ. ಹಾಗಿರುವಾಗ ಆಯಿ ಈ ಕುಂಚಿಗಿಯಲ್ಲಿದ್ದಾಳೆ ಎಂದು ನಾನು ಒಳಗೊಳಗೇ ನಂಬಿದ್ದರೆ ಅದು ಅವಳ ಧರ್ಮಕ್ಕೇ ಒಪ್ಪದ ನಂಬಿಕೆ. ಅವಳು ಅದರಲ್ಲಿಲ್ಲ. ಅವಳ ಕೆಲಸ ಅದರಲ್ಲಿದೆ. ಕೂಸಿನ ತಲೆ ಬೆಚ್ಚಗಿರಲಿ, ನಾಲ್ಕು ಮಂದಿಯ ದೃಷ್ಟಿ ಕೂಸಿಗೆ ತಾಗುವ ಮೊದಲು ಆನೆಗಳಿಗೆ ತಾಗಲಿ ಎಂದು ಮಾಡಿದ ಕೆಲಸ. ಟ್ರಂಕಿನೊಳಗೆ ಆ ಕೆಲಸ ನಿಂತುಹೋಗಿದೆ.

ಇಷ್ಟೆಲ್ಲ ಯೋಚಿಸಿದರೂ ಹೆದರಿಕೆ ಹೋಗಲಿಲ್ಲ. ಹೋಗಬೇಕು ಎಂದೂ ಈಗ ನನಗೆ ಅನ್ನಿಸುವುದಿಲ್ಲ. ಹರಕು ಶಿವದಾರ ನೋಡಿ ಹೆದರದವಳು ಹೊಸ ದಾರ ಹೊಸೆಯುವುದೂ ಇಲ್ಲ. ಹೆದರಿಕೆ ಕೈಯನ್ನು ಎಚ್ಚರವಾಗಿಟ್ಟರೆ ಅದು ಇರಲಿ. ಕೈಯನ್ನು ಮುಚ್ಚಿಸುತ್ತದೆ ಎಂದಾದರೆ ಮಾತ್ರ ನನ್ನ ಗೆಳತಿ ಹೇಳಿದ ಮಂಪರು ಅದೇ. ಈ ಎರಡರ ನಡುವಿನ ಗೆರೆ ನನಗೆ ದಿನವೂ ಒಂದೇ ಕಡೆ ಕಾಣುವುದಿಲ್ಲ. ಕೆಲವು ದಿನ ಟ್ರಂಕು ತೆಗೆದು ಬೇವಿನ ಎಲೆ ಬದಲಿಸುವಾಗ ಎಚ್ಚರ ಅನ್ನಿಸುತ್ತದೆ, ಕೆಲವು ದಿನ ಬೀಗವನ್ನು ಎರಡೆರಡು ಸಲ ಎಳೆದು ನೋಡುವಾಗ ಮಂಪರು ಅನ್ನಿಸುತ್ತದೆ.

ಈ ವರ್ಷ ಪುಣೆಯಲ್ಲಿರುವ ಮಗಳಿಗೆ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲ ಕಾರ್ಯ ಇಲ್ಲಿ ಧಾರವಾಡದಲ್ಲೇ ಆಯಿತು, ಕುಂಚಿಗಿ ಹಾಕಿದೆವು, ಕೂಸು ಅದರ ಕಸಿ ಬಾಯಲ್ಲಿಟ್ಟು ಚೀಪಿತು. ಹಿಂದೆಲ್ಲ ಆವತ್ತು ಸಂಜೆಯೇ ಬಿಸಿಲು ತೋರಿಸಿ ಮಡಿಸಿಡುತ್ತಿದ್ದೆ. ಈ ಸಲ ಮಗಳು, ‘ಅವ್ವಾ, ಪುಣೆದಾಗ ಥಂಡಿ ಶುರು ಆಗೇದ, ಒಯ್ತೀನಿ. ದಿನಾ ಹಾಕ್ತೀನಿ’ ಎಂದಳು. ಒಂದು ಸಲ ಕಾರ್ಯಕ್ಕೆ ಹಾಕುವುದು ಬೇರೆ, ದಿನಾ ಹಾಕುವುದು ಬೇರೆ. ದಿನಾ ಹಾಕಿದರೆ ಕಾರಿನಲ್ಲಿ ಉಳಿಯುತ್ತದೆ, ದವಾಖಾನೆಯ ಬೆಂಚಿನ ಮೇಲೆ ಉಳಿಯುತ್ತದೆ, ಕೂಸೇ ಕಿತ್ತು ಎಸೆಯುತ್ತದೆ. ನಾನು ಹೂಂ ಅನ್ನುವ ಮೊದಲು ಪಿಂಛಿ ಪಡೆದವರ ಹಾಗೆ ನೀನೂ ಒಂದು ನಿಯಮ ಹಿಡಿಯಬೇಕು ಎಂದೆ. ಕಪಾಟಿನಲ್ಲಿ ಇಡಬಾರದು, ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗಬಾರದು, ಕೂಸಿಗೆ ಸಣ್ಣದಾದ ಕೂಡಲೇ ಮುಂದಿನ ಕೂಸಿಗೆ ದಾಟಿಸಬೇಕು. ಅಂಟವಾಳದ ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು ಎಂಬುದನ್ನೂ ಸೇರಿಸಿದೆ.

ಅವಳು ಎಲ್ಲಕ್ಕೂ ಹೂಂ ಎಂದು, ‘ಮುಂದಿನ ಕೂಸು ಅಂದ್ರ ನಮ್ಮನ್ಯಾಗಿಂದs ಆಗ್ಬೇಕೇನು? ಮ್ಯಾಲಿನ ಮನಿ ಹುಡುಗಿಗೆ ದಿನ ತುಂಬ್ಯಾವ. ಆಕಿಗೆ ತವರಿನವರು ಯಾರೂ ಇಲ್ಲ’ ಎಂದಳು. ಆ ಹುಡುಗಿಯನ್ನು ನಾನು ನೋಡಿಲ್ಲ, ಅವಳ ಊರು ಯಾವುದು, ಮಾತು ಯಾವುದು ಎಂದೂ ಗೊತ್ತಿಲ್ಲ. ಕೊಟ್ಟರೆ ಕುಂಚಿಗಿ ನಮ್ಮ ಮನೆ ದಾಟುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆಯೋ. ಕೊಡು ಎಂದೆ. ಕೊಡುವಾಗ ಸೊಂಡಿಲಿನ ವಿಷಯ ಅವಳಿಗೆ ಹೇಳಿ ಕೊಡು ಎಂದೆ. ಅವಳ ಹೆಸರೇನು ಎಂದು ಕೇಳಿ ಬರೆದುಕೊಂಡೆ.