ಕೆಂಪು ಸುತ್ತು ಹಾಕಿದ ತಾರೀಖು

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಸಂಕಷ್ಟಿ, ಇವುಗಳ ನಡುವೆ ಒಂದು ತಾರೀಖಿಗೆ ಕೆಂಪು ಸುತ್ತು ಹಾಕಿದೆ. ಅದು ಕಳೆದು ಇವತ್ತಿಗೆ ಮೂರು ದಿನ. ಚೊಚ್ಚಲ ಹೆರಿಗೆಗೆಂದು ಬಂದಿರುವ ಮಗಳು ಬೆಳಿಗ್ಗೆ ಐದೂವರೆಗೇ ಎದ್ದು ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಾಳೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯ ಕೆಳಗೆ. ನಡುವೆ ಫಕ್ಕನೆ ನಿಲ್ಲುತ್ತಾಳೆ. ಒಲೆಯ ಮುಂದೆ ನಾನೂ ಉಸಿರು ಹಿಡಿದು ನಿಲ್ಲುತ್ತೇನೆ. "ಏನಿಲ್ಲಮ್ಮ, ಒದೀತು" ಎಂದು ಮತ್ತೆ ನಡೆಯುತ್ತಾಳೆ.

ಏಳು ಗಂಟೆಗೆ ಫೋನು ಶುರು. "ಇನ್ನೂ ಆಗಿಲ್ವಾ?" "ನೋವು ಬರೋ ಇಂಜೆಕ್ಷನ್ ಹಾಕಿಸಿಬಿಡಿ, ನಾಳೆ ನಕ್ಷತ್ರ ಚೆನ್ನಾಗಿದೆ." ಒಬ್ಬರಂತೂ ಹರಳೆಣ್ಣೆ ಕುಡಿಸಿ ಎಂದರು. ಅದರಿಂದ ಹೊಟ್ಟೆ ಕೆಟ್ಟು ಬಸುರಿ ಸುಸ್ತಾದರೆ ಹೆರುವ ಶಕ್ತಿ ಎಲ್ಲಿಂದ ಬರಬೇಕು? ಖರ್ಜೂರ ತಿನ್ನಲಿ, ಅದಕ್ಕೆ ನನ್ನ ತಕರಾರಿಲ್ಲ.

ಆ ಕೆಂಪು ಸುತ್ತು ಬಂದದ್ದಾದರೂ ಎಲ್ಲಿಂದ? 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಹೆರಿಗೆ ವೈದ್ಯ ಫ್ರಾಂಜ್ ನೇಗೆಲೆ ರೂಢಿಗೆ ತಂದ ಲೆಕ್ಕ ಅದು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಬೇಕು, ಅಂದರೆ 280 ದಿನ. ನಮ್ಮಜ್ಜಿ ಒಂಬತ್ತು ತಿಂಗಳು ಒಂಬತ್ತು ದಿನ ಎನ್ನುತ್ತಿದ್ದರು. ಇಬ್ಬರದೂ ಅಂದಾಜೇ. ಸರಿಯಾಗಿ ಅದೇ ತಾರೀಖಿಗೆ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೆ.

ನಿಮ್ಮ ಮೂಗಿನ ತುದಿಯನ್ನೊಮ್ಮೆ ಒತ್ತಿ ನೋಡಿ, ಆಮೇಲೆ ತುಟಿಯನ್ನು. ಬಸುರಿನ ಉದ್ದಕ್ಕೂ ಮೂಗಿನ ತುದಿಯಂತೆ ಬಿಗಿಯಾಗಿರುವ ಗರ್ಭಕೋಶದ ಬಾಯಿ ಕಡೆಯ ದಿನಗಳಲ್ಲಿ ತುಟಿಯಂತೆ ಮೆತ್ತಗಾಗಬೇಕು. ಏನೂ ಆಗುತ್ತಿಲ್ಲ ಎಂದು ನಾವು ಚಡಪಡಿಸುವ ಹೊತ್ತಿನಲ್ಲಿ ಒಳಗೆ ನಡೆಯುತ್ತಿರುವ ಕೆಲಸ ಇದೇ. ಅದು ಮಾಗುವ ಮೊದಲೇ ನೋವು ಬರಿಸಲು ಹೊರಟರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ.

ಹಾಗೆಂದು ಇಂಜೆಕ್ಷನ್ನನ್ನು ಬೈಯಲಾರೆ. 1953ರಲ್ಲಿ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಪ್ರಯೋಗಾಲಯದಲ್ಲಿ ತಯಾರಿಸಿದ ಆಕ್ಸಿಟೋಸಿನ್, ಅಂದರೆ ಇದೇ ಇಂಜೆಕ್ಷನ್ನಿನ ಔಷಧ, ಹೆರಿಗೆಯ ನಂತರದ ರಕ್ತಸ್ರಾವ ತಡೆದು ಲೆಕ್ಕವಿಲ್ಲದಷ್ಟು ತಾಯಂದಿರನ್ನು ಉಳಿಸಿದೆ. ನೋವು ಬರಿಸಿದರೆ ಸಿಸೇರಿಯನ್ನೇ ಗತಿ ಎಂಬ ಮಾತೂ ನಿಜವಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, 39ನೇ ವಾರದಲ್ಲಿ ನೋವು ಬರಿಸಿದ ಚೊಚ್ಚಲ ಬಸುರಿಯರಲ್ಲಿ ಸಿಸೇರಿಯನ್ ತುಸು ಕಡಿಮೆಯೇ ಆಗಿತ್ತು. ಬಿಪಿ ಏರಿದರೆ, ಸಕ್ಕರೆ ಕಾಯಿಲೆಯಿದ್ದರೆ, ಮಗುವಿನ ಸುತ್ತಲಿನ ನೀರು ಕಡಿಮೆಯಾದರೆ ಡಾಕ್ಟರು ಹೇಳಿದಂತೆ ಕೇಳುವುದೇ ಸರಿ. ನನ್ನ ಜಗಳ ಇರುವುದು ನಕ್ಷತ್ರದ ಜೊತೆ, ನೆಂಟರ ಅವಸರದ ಜೊತೆ.

ನಮ್ಮ ಡಾಕ್ಟರಮ್ಮ ಮೊನ್ನೆ ಎಲ್ಲ ಪರೀಕ್ಷೆ ಮಾಡಿ, "ಗುರುವಾರಕ್ಕೆ 41 ವಾರ ತುಂಬುತ್ತೆ, ಅಲ್ಲಿವರೆಗೆ ಕಾಯೋಣ" ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ: 41 ವಾರ ತುಂಬಿದ ಮೇಲೆ ನೋವು ಬರಿಸುವುದು ಲೇಸು, ಏಕೆಂದರೆ ಆಮೇಲೆ ಹೊಟ್ಟೆಯೊಳಗಿನ ಮಗುವಿಗೆ ಅಪಾಯ ಹೆಚ್ಚುತ್ತ ಹೋಗುತ್ತದೆ. ನೀರು ಒಡೆದರೆ, ರಕ್ತ ಕಂಡರೆ, ಒದೆತ ಕಡಿಮೆಯಾದರೆ ಗುರುವಾರದ ಮಾತಿಲ್ಲ, ಆ ಕ್ಷಣವೇ ಹೊರಡಬೇಕು. ತಾಯಿ ಕಾರ್ಡು, ಹಳೇ ಪಂಚೆಯ ತುಂಡುಗಳು, ಫ್ಲಾಸ್ಕು ಎಲ್ಲ ಬಾಗಿಲ ಬಳಿಯ ಚೀಲದಲ್ಲಿವೆ. ಆಟೋದವನ ನಂಬರು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ದಿನ ತುಂಬಿದ ಹುಡುಗಿಯೊಬ್ಬಳಿಗೆ ನೀವೂ ಇವತ್ತು ಫೋನು ಮಾಡುವವರಿದ್ದರೆ, "ಆಯ್ತಾ?" ಅಂತ ಕೇಳಬೇಡಿ. "ತಿಂಡಿ ಆಯ್ತಾ?" ಅಂತ ಕೇಳಿ.