ಸೀರೆ ನೋಡುವ ಬೆಳಕು

ನನ್ನ ಸ್ನೇಹಿತರೊಬ್ಬರ ಮಗಳು ಒಳಾಂಗಣ ವಿನ್ಯಾಸವನ್ನು ಕಲಿತವಳು. ಮನೆ, ಆಫೀಸು, ಹೋಟೆಲುಗಳ ಒಳಭಾಗ ಹೇಗಿರಬೇಕೆಂದು ಯೋಚಿಸಿ, ನಕ್ಷೆ ಬರೆದು, ಬಡಗಿಗಳನ್ನೂ ವಿದ್ಯುತ್ ಕೆಲಸದವರನ್ನೂ ಹಿಡಿದು ಅದನ್ನು ಮಾಡಿಸುವುದು ಅವಳ ವೃತ್ತಿ. ಕಳೆದ ವರ್ಷ ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ ಮದುವೆ ಸೀರೆಗಳ ಬೊಟೀಕ್ ಒಂದನ್ನು ಸಜ್ಜುಗೊಳಿಸುವ ಕೆಲಸ ಅವಳಿಗೆ ಬಂತು. ಸಾಮಾನ್ಯ ಜವಳಿ ಅಂಗಡಿಯಲ್ಲ. ಮದುಮಗಳೊಬ್ಬಳೇ ಗಿರಾಕಿ, ಉಳಿದವರೆಲ್ಲ ಅವಳ ಪರಿವಾರ ಎನ್ನುವಂಥ ಜಾಗ. ಮುಂಚಿತವಾಗಿ ಹೊತ್ತು ಗೊತ್ತುಮಾಡಿಕೊಂಡೇ ಹೋಗಬೇಕು. ಕೆಲಸ ಅರ್ಧಕ್ಕೆ ಬಂದಿದ್ದಾಗ ಅವಳಿಗೂ ಯಜಮಾನರಿಗೂ ಒಂದು ಕಿಟಕಿಯ ವಿಷಯದಲ್ಲಿ ಮನಸ್ತಾಪ ಹುಟ್ಟಿತು. ಒಂದು ಸಂಜೆ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದು, "ದೊಡ್ಡಪ್ಪಾ, ನೀವೇ ಹೇಳಿ, ಇದರಲ್ಲಿ ನನ್ನದೇನಾದರೂ ತಪ್ಪಿದೆಯೆ?" ಎಂದಳು. ಕಾಫಿ ಆರುವುದರೊಳಗೆ ನಾನು ತೀರ್ಪು ಕೊಟ್ಟುಬಿಟ್ಟೆ. ಅಷ್ಟು ಬೇಗ ಕೊಡಬಾರದಾಗಿತ್ತೆಂದು ಆಮೇಲೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ವಿಷಯ ಇಷ್ಟೆ. ಎರಡನೆಯ ಮಹಡಿಯ ಆ ಕೋಣೆಗೆ ಉತ್ತರದ ಕಡೆ ಒಂದು ದೊಡ್ಡ ಕಿಟಕಿ. ಅದನ್ನು ಹಲಗೆಯಿಂದ ಮುಚ್ಚಿ, ಮೇಲೆ ಆಳೆತ್ತರದ ಕನ್ನಡಿ ನಿಲ್ಲಿಸಬೇಕೆಂದು ಯಜಮಾನರ ಅಪ್ಪಣೆ. ಕಿಟಕಿ ಉಳಿಯಲೇಬೇಕೆಂದು ಇವಳ ಹಟ.

ಹಟ ಎಲ್ಲಿಂದ ಬಂತೆಂಬುದು ನನಗೆ ಗೊತ್ತು. ಚಿಕ್ಕಪೇಟೆಯ ಹಳೆಯ ರೇಷ್ಮೆ ಅಂಗಡಿಗಳಿಗೆ ಅಜ್ಜಿಯ ಸೆರಗು ಹಿಡಿದು ಹೋದವರಿಗೆಲ್ಲ ಗೊತ್ತಿರುವ ವಿಷಯ. ಬಿಳಿಯ ಹಾಸು ಹೊದಿಸಿದ ಗಾದಿಯ ಮೇಲೆ ಎಲ್ಲರೂ ಕಾಲು ಮಡಿಸಿ ಕೂರುತ್ತಿದ್ದರು. ಅಂಗಡಿಯವನು ಒಂದಾದಮೇಲೊಂದರಂತೆ ಸೀರೆಗಳನ್ನು ಗಾಳಿಗೆ ಬಿಚ್ಚಿ ಎಸೆಯುತ್ತಿದ್ದ. ಮೂವತ್ತು ನಲವತ್ತು ಸೀರೆಗಳು ಗುಡ್ಡೆಯಾದ ಮೇಲೆ ಅಜ್ಜಿ ಒಂದನ್ನು ಎತ್ತಿಕೊಂಡು, ಮೊಣಕಾಲು ಹಿಡಿದು ಎದ್ದು, ಹೊಸ್ತಿಲ ಹತ್ತಿರ ಹೋಗಿ, ಸೆರಗಿನ ತುದಿಯನ್ನು ಬೀದಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಗಡಿಯವನು ಅದಕ್ಕೆ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ. "ನೋಡಿ ತಾಯಿ, ಚೆನ್ನಾಗಿ ನೋಡಿ" ಎನ್ನುತ್ತಿದ್ದ. ಮಡಕೆಯನ್ನು ತಟ್ಟಿ, ತೆಂಗಿನಕಾಯಿಯನ್ನು ಅಲ್ಲಾಡಿಸಿ ಕೊಳ್ಳುವ ಹಾಗೆ ಸೀರೆಯನ್ನು ಬೆಳಕಿಗೆ ಹಿಡಿದು ಕೊಳ್ಳುವುದು. ಅದರಲ್ಲಿ ಅಪನಂಬಿಕೆಯೂ ಇಲ್ಲ, ಅವಮಾನವೂ ಇಲ್ಲ.

ಅಜ್ಜಿಯ ಆ ನಡೆಯ ಹಿಂದೆ ಒಂದು ಶಾಸ್ತ್ರವೇ ಇದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಹಳೆಯ ತಂತಿಯ ಬಲ್ಬಿನ ಬೆಳಕು ಸುಮಾರು 2,700. ನಡುಹಗಲಿನದು 5,500ರ ಆಸುಪಾಸು. ಮೊದಲನೆಯದರಲ್ಲಿ ಕೆಂಪು, ಹಳದಿ, ಬಂಗಾರದ ಬಣ್ಣಗಳು ಉಕ್ಕುತ್ತವೆ. ನೀಲಿ, ನೇರಿಳೆಗಳು ಮಂಕಾಗುತ್ತವೆ. ಇದಲ್ಲದೆ, ಒಂದು ದೀಪದ ಕೆಳಗೆ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣುವುದುಂಟು. ಅಂಗಡಿಯಲ್ಲಿ ಅಂಚಿಗೆ ಸರಿಯಾಗಿ ಹೊಂದಿದ್ದ ರವಿಕೆಯ ಬಟ್ಟೆ ಮನೆಯ ಅಂಗಳದಲ್ಲಿ ಹೊಂದದೆಹೋಗುವುದು ಇದರಿಂದಲೇ. ಬಣ್ಣ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಛಾಯೆಗಳನ್ನು ಅವರು ಹಗಲಿನಲ್ಲಿಯೇ ಹೊಂದಿಸುತ್ತಾರೆ. ಹಳೆಯ ಗಿರಣಿಗಳ ಛಾವಣಿ ಗರಗಸದ ಹಲ್ಲಿನಂತಿದ್ದು, ಅದರ ಗಾಜೆಲ್ಲ ಉತ್ತರಕ್ಕೆ ಮುಖಮಾಡಿರುತ್ತಿದ್ದುದಕ್ಕೂ ಕಾರಣವುಂಟು: ಉತ್ತರದ ಬೆಳಕಿನಲ್ಲಿ ಬಿಸಿಲಿನ ಏರಿಳಿತ ಕಡಮೆ. ಇವಳು ಉಳಿಸಬೇಕೆಂದದ್ದು ಅಂಥ ಕಿಟಕಿಯನ್ನು.

"ಮಗು, ನಿನ್ನದೇ ಸರಿ. ಕಿಟಕಿ ಮುಚ್ಚುವುದು ಮೋಸ" ಎಂದೆ ನಾನು. ಮಾರನೆಯ ವಾರ ಅವಳು ಯಜಮಾನರ ಉತ್ತರದೊಡನೆ ಬಂದಳು. ಅವರು ಸಿಟ್ಟಾಗಲಿಲ್ಲವಂತೆ, ಒಂದು ಪ್ರಶ್ನೆ ಕೇಳಿದರಂತೆ: "ಈ ಸೀರೆಯನ್ನು ಹುಡುಗಿ ಉಡುವುದು ಎಲ್ಲಿ? ಅಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡುವವರು ಈ ಊರಿನಲ್ಲಿ ಎಷ್ಟು ಮಂದಿ? ಧಾರೆಯಾಗುವುದು ಕಿಟಕಿಗಳಿಗೆಲ್ಲ ಪರದೆ ಬಿಟ್ಟ ಕಲ್ಯಾಣಮಂಟಪದಲ್ಲಿ. ಆರತಕ್ಷತೆಯಂತೂ ರಾತ್ರಿ, ವಿಡಿಯೋದವರ ದೀಪಗಳ ಎದುರಿಗೆ. ನನ್ನ ಕೋಣೆಯ ಬೆಳಕು ಆ ಮಂಟಪದ ಬೆಳಕು. ಸೀರೆ ಆವೊತ್ತು ಹೇಗೆ ಕಾಣುವುದೋ ಹಾಗೆ ನಾನು ತೋರಿಸುತ್ತೇನೆ. ನಿಮ್ಮ ಕಿಟಕಿಯ ಬೆಳಕಿನಲ್ಲಿ ಆರಿಸಿ, ಮಂಟಪದಲ್ಲಿ ಮಂಕಾಗಿ ಕಂಡರೆ ಆಗ ಮೋಸ ಮಾಡಿದವರು ಯಾರು?"

ಇದಕ್ಕೆ ನನ್ನ ಬಳಿ ಥಟ್ಟನೆ ಉತ್ತರವಿರಲಿಲ್ಲ. ಹಗಲಿನ ಬೆಳಕೇ ನಿಜ, ದೀಪದ ಬೆಳಕು ಸುಳ್ಳು ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ? ಬಣ್ಣವೆಂಬುದು ಸೀರೆಯಲ್ಲಿ ಅಂಟಿಕೊಂಡಿರುವ ವಸ್ತುವಲ್ಲ; ಬೆಳಕು, ನೂಲು, ಕಣ್ಣು ಮೂರೂ ಸೇರಿ ಆಗತಕ್ಕದ್ದು. ಹೀಗೆ ಹೊರಟರೆ ಯಾವ ಬೆಳಕೂ ಸುಳ್ಳಲ್ಲ. ಅಂಗಡಿಯನ್ನು ಅಲಂಕರಿಸುವುದು ಅಧರ್ಮವೆಂದು ಹೇಳುವ ಧೈರ್ಯವೂ ನನಗಿಲ್ಲ. ಅಲಂಕಾರವನ್ನು ಅಪರಾಧದೊಡನೆ ಸೇರಿಸಿ 1910ರಲ್ಲಿ ಭಾಷಣ ಮಾಡಿ ಹೆಸರಾದ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್, ಅದೇ ವರ್ಷಗಳಲ್ಲಿ ಅದೇ ಊರಿನಲ್ಲಿ ಕ್ನೀಷೆ ಎಂಬ ದರ್ಜಿಗಳ ಅಂಗಡಿಯ ಒಳಾಂಗಣವನ್ನು ರಚಿಸಿದ. ಬಳ್ಳಿ ಹೂವುಗಳ ಕೆತ್ತನೆಯನ್ನು ಬಿಟ್ಟ, ನಿಜ. ಆದರೆ ನುಣುಪಾದ ಕಲ್ಲು, ಹೊಳೆಯುವ ಮರ, ಕನ್ನಡಿ ಇವನ್ನು ಬಿಡಲಿಲ್ಲ. ಅಪರಾಧ ಹಿಂಬಾಗಿಲಿನಿಂದ ಒಳಗೆ ಬಂತೆನ್ನಬೇಕು! ಯಾರೂ ಅಣಿಗೊಳಿಸದ ಕೋಣೆ ಎಂಬುದು ಎಲ್ಲಿಯೂ ಇಲ್ಲ. ಚಿಕ್ಕಪೇಟೆಯ ಗಾದಿಯ ಬಿಳಿಯ ಹಾಸು ಕೂಡ ಸೀರೆಯ ಬಣ್ಣ ಎದ್ದು ಕಾಣಲೆಂದು ಹಾಕಿದ್ದೇ ಅಲ್ಲವೆ?

ನಮ್ಮ ಹಿಂದಿನವರು ಅಲಂಕಾರವನ್ನು ಬೈಯಲಿಲ್ಲ. ಅದರ ಮೇಲೆ ಶಾಸ್ತ್ರ ಬರೆದರು. ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಮೊದಲ ಗ್ರಂಥವಾದ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಅಲಂಕಾರಗ್ರಂಥ. 'ಅಲಂ' ಎಂದರೆ ಸಾಕು. ಸಾಕೆನ್ನಿಸುವಂತೆ ಮಾಡುವುದು, ಕೊರತೆಯನ್ನು ತುಂಬುವುದು ಅಲಂಕಾರ. ಮದುಮಗಳು ಉಡುವ ರೇಷ್ಮೆಗೆ ಮಂಗಳಕರವಾದ ಕೋಣೆ, ಹಿತವಾದ ಬೆಳಕು ಬೇಡವೆನ್ನುವವನು ಬದುಕಿನಲ್ಲಿ ಒಂದು ಮದುವೆಯನ್ನೂ ಸಂತೋಷದಿಂದ ಮಾಡಿದವನಲ್ಲ. ಅವಳ ನಕ್ಷೆಯಲ್ಲಿ ಗೋಡೆಗೆ ತಿಳಿಯಾದ ಶ್ರೀಗಂಧದ ಬಣ್ಣ, ಕಾಲಿಗೆ ಮೆತ್ತನೆಯ ರತ್ನಗಂಬಳಿ, ವಯಸ್ಸಾದವರಿಗೆ ಎದ್ದು ಕೂರಲು ಸುಲಭವಾಗುವಷ್ಟು ಎತ್ತರದ ಆಸನಗಳು, ಸೀರೆ ಬದಲಿಸುವಾಗ ಹುಡುಗಿಯ ಜೊತೆಗೆ ತಾಯಿಯೂ ನಿಲ್ಲುವಷ್ಟು ಜಾಗ, ಇವೆಲ್ಲ ಇದ್ದವು. ಇದರಲ್ಲಿ ಏನು ದೋಷ?

ಆದರೆ ಇದೇ ನಕ್ಷೆಯಲ್ಲಿ ಯಜಮಾನರು ಕೆಂಪು ಶಾಯಿಯಿಂದ ಗುರುತು ಹಾಕಿದ್ದ ಇನ್ನೂ ಕೆಲವಿದ್ದುವು. ಕನ್ನಡಿಯ ಮೇಲ್ತುದಿಯನ್ನು ಕೊಂಚ ಹಿಂದಕ್ಕೆ ವಾಲಿಸತಕ್ಕದ್ದು. ಹಾಗೆ ವಾಲಿಸಿದರೆ ಎದುರಿಗೆ ನಿಂತವರು ಉದ್ದವಾಗಿಯೂ ತೆಳ್ಳಗೂ ಕಾಣುತ್ತಾರೆ. ಕನ್ನಡಿಯ ಎರಡು ಪಕ್ಕದಿಂದ ಮುಖಕ್ಕೆ ಬೆಳಕು ಬೀಳತಕ್ಕದ್ದು. ತಲೆಯ ಮೇಲಿನ ದೀಪ ಕಣ್ಣಿನ ಕೆಳಗೆ ನೆರಳು ತರುತ್ತದೆ. ಸೀರೆಗಳಿಗೆ ಬೆಲೆಯ ಚೀಟಿ ಕಾಣಕೂಡದು. ಗಡಿಯಾರ ಕೂಡದು. ಒಂದು ಸಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಸೀರೆ ಹೊರಗಿರಕೂಡದು. ಗುಡ್ಡೆ ಹಾಕಿದರೆ ಅಗ್ಗದ ಅಂಗಡಿಯೆನ್ನಿಸುತ್ತದೆ. ನಡುವೆ ಅರ್ಧ ಅಡಿ ಎತ್ತರದ ವೇದಿಕೆ, ಅದರ ಮೇಲೆ ಹುಡುಗಿ.

ಕನ್ನಡಿಯ ಮಾತು ಓದುವಾಗ ನನಗೆ ಬೇಲೂರು ನೆನಪಾಯಿತು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಮದನಿಕೆಯರಲ್ಲಿ ದರ್ಪಣಸುಂದರಿಯನ್ನು ಕಾಣದವರು ಕಡಮೆ. ಅವಳ ಮೈಮೇಲೆ ಇರುವಷ್ಟು ಆಭರಣ ಯಾವ ಬೊಟೀಕಿನ ಮದುಮಗಳಿಗೂ ಇರಲಾರದು. ಅಲಂಕಾರದಲ್ಲಿ ಕಂಜೂಸುತನವಿಲ್ಲ. ಆದರೆ ಕನ್ನಡಿ ಅವಳ ಕೈಯಲ್ಲಿದೆ. ಬೇಕಾದ ಹಾಗೆ ವಾಲಿಸಿಕೊಳ್ಳಬಹುದು, ಬೇಡವಾದರೆ ಕೆಳಗಿಡಬಹುದು. ಗೋಡೆಗೆ ವಾಲಿಸಿ ಬಿಗಿದ ಕನ್ನಡಿಯ ಮಾತೇ ಬೇರೆ. ತಾನು ಎಷ್ಟು ವಾಲಿದ್ದೇನೆಂದು ಅದು ಎದುರಿಗೆ ನಿಂತವಳಿಗೆ ಹೇಳುವುದಿಲ್ಲ.

ಬೆಲೆಯ ಚೀಟಿಯ ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಪ್ಯಾರಿಸಿನ ಬಾನ್ ಮಾರ್ಷೆಯನ್ನು 1852ರಿಂದ ಬೆಳೆಸಿದ ಅರಿಸ್ಟೀಡ್ ಬೂಸಿಕೋ ಸರಕಿನ ಮೇಲೆ ಗೊತ್ತಾದ ಬೆಲೆಯನ್ನು ಬರೆದಿಟ್ಟ. ಶ್ರೀಮಂತರಿಗೂ ಗುಮಾಸ್ತನ ಹೆಂಡತಿಗೂ ಒಂದೇ ಬೆಲೆ. ಕೇಳುವ ಕಷ್ಟವೇ ಇಲ್ಲ. ಆ ಬಗೆಯ ಅಂಗಡಿಗಳು ಕೊಳ್ಳುವವರಿಗೆ ಬೀಸಿದ ಬಲೆಗಳನ್ನು ಜೋಲಾ 1883ರ ತನ್ನ ಕಾದಂಬರಿಯಲ್ಲಿ ಬಿಚ್ಚಿಟ್ಟಿದ್ದಾನೆ. ಆದರೂ ಆ ಚೀಟಿಯೊಂದು ಒಳ್ಳೆಯ ಕೆಲಸವೇ. ಚಿಕ್ಕಪೇಟೆಯಲ್ಲಿ ಚೀಟಿ ಇರಲಿಲ್ಲ, ಬಾಯಿ ಇತ್ತು. "ಎಷ್ಟಯ್ಯ ಇದು?" ಎಂದು ಅಜ್ಜಿ ಇಡೀ ಅಂಗಡಿಗೆ ಕೇಳುವಂತೆ ಕೇಳುತ್ತಿದ್ದರು, ಹೇಳಿದ ಬೆಲೆಗೆ ಹಣೆ ಚಚ್ಚಿಕೊಳ್ಳುವ ಹಕ್ಕೂ ಅವರಿಗಿತ್ತು. ಈ ಕೋಣೆಯಲ್ಲಿ ಚೀಟಿಯೂ ಇಲ್ಲ, ಬಾಯಿಯೂ ಇಲ್ಲ. ರತ್ನಗಂಬಳಿಯ ಮೌನದಲ್ಲಿ, ಬೆಳ್ಳಿಯ ಲೋಟದಲ್ಲಿ ಬಾದಾಮಿ ಹಾಲು ಕುಡಿದು, ಮಗಳು ವೇದಿಕೆಯ ಮೇಲೆ ನಿಂತು ಕಣ್ಣು ತುಂಬಿ ನೋಡುತ್ತಿರುವಾಗ, ನಿವೃತ್ತ ಮೇಷ್ಟರೊಬ್ಬರು "ಎಷ್ಟು?" ಎಂದು ಕೇಳುವುದು ಹೇಗೆ? ಕೇಳಿದರೆ ಮಗಳ ಬೆಲೆ ಕೇಳಿದಂತಾಗುತ್ತದೆ. ಕೇಳಬೇಡಿರೆಂದು ಅಲ್ಲಿ ಯಾರೂ ಬೋರ್ಡು ಹಾಕಿಲ್ಲ. ಕೋಣೆಯೇ ಆ ಕೆಲಸ ಮಾಡಿಬಿಡುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸುತ್ತಿದ್ದವಳು ಹುಡುಗಿ. ಇಲ್ಲಿ ಹುಡುಗಿ ತಲೆಯೆತ್ತಿ ನಿಲ್ಲುತ್ತಾಳೆ, ತಲೆ ತಗ್ಗಿಸುವ ಸರದಿ ಅಪ್ಪನದು. ಇದನ್ನು ಸುಧಾರಣೆ ಎನ್ನೋಣವೆ?

ಇಷ್ಟು ಯೋಚಿಸಿದ ಮೇಲೆ ಯಜಮಾನರ ಪ್ರಶ್ನೆಗೆ ನನಗೊಂದು ಉತ್ತರ ಹೊಳೆಯಿತು. ಯಾವ ಬೆಳಕು ನಿಜವೆಂಬುದಲ್ಲ ನಮ್ಮ ಜಗಳ. ಅಜ್ಜಿಯೂ ಬೀದಿಯ ಬೆಳಕೊಂದನ್ನೇ ನಂಬಿದವರಲ್ಲ. ಒಳಗೆ ನೋಡಿದರು, ಹೊರಗೆ ನೋಡಿದರು, ತಿರುಗಿ ಒಳಗೆ ಬಂದು ನೋಡಿದರು. ಅವರಿಗೆ ಬೇಕಾಗಿದ್ದದ್ದು ಎರಡು ಬೆಳಕು ಮತ್ತು ನಡುವೆ ಓಡಾಡುವ ಸ್ವಾತಂತ್ರ್ಯ. ರೇಷ್ಮೆಯ ಎಳೆಯ ಮೇಲೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟ ಜರಿಯೂ, ತಾಮ್ರದ ಜರಿಯೂ ಹಳದಿ ದೀಪದ ಕೆಳಗೆ ಅಕ್ಕತಂಗಿಯರ ಹಾಗಿರುತ್ತವೆ. ಹಾಗೆ ತೋರಿಸುವುದು ಪಾಪವಲ್ಲ. ಬೇರೆ ಹೇಗೂ ನೋಡಲಾಗದಂತೆ ಮಾಡುವುದು ಪಾಪ. ಮಂಟಪದ ಬೆಳಕಿನಲ್ಲಿ ಸೀರೆಯನ್ನು ತೋರಿಸಲಿ, ಬಹಳ ಸಂತೋಷ. ಕಿಟಕಿಗೆ ಮೊಳೆ ಹೊಡೆಯುವ ಅಗತ್ಯವೇನು? ಮದುವೆ ಒಂದು ದಿನದ್ದು, ಸೀರೆ ಮೂವತ್ತು ವರ್ಷದ್ದು. ಗೌರಿಹಬ್ಬದ ಬೆಳಿಗ್ಗೆ ಆಕೆ ಅದನ್ನೇ ಉಟ್ಟು ಅಂಗಳದಲ್ಲಿ ನಿಲ್ಲುತ್ತಾಳೆ.

ಇದನ್ನು ಹುಡುಗಿಗೆ ಹೇಳಿದೆ. ಅವಳಿಗೆ ಇದರಿಂದ ಎಷ್ಟು ಪ್ರಯೋಜನವಾಯಿತೋ ಕಾಣೆ. ನಾನು ಕುರ್ಚಿಯಲ್ಲಿ ಕುಳಿತು ಧರ್ಮ ಹೇಳುವವನು. ಬಡಗಿಗಳಿಗೆ ಶನಿವಾರ ಕೂಲಿ ಕೊಡಬೇಕಾದವಳು ಅವಳು. ಕೆಲಸ ಬಿಟ್ಟರೆ ಆರು ತಿಂಗಳ ಶ್ರಮ ಹೋಗುವುದಲ್ಲದೆ, ಹಟಮಾರಿ ಎಂಬ ಹೆಸರೂ ಬರುತ್ತದೆ. ಕೊನೆಗೆ ಒಂದು ಒಪ್ಪಂದವಾಯಿತು. ಕನ್ನಡಿ ನೆಟ್ಟಗೆ ನಿಂತಿತು. ಬೆಲೆಯ ಚೀಟಿ ಸೀರೆಯ ಒಳಮಡಿಕೆಯಲ್ಲಿ ಇರಬಹುದೆಂದಾಯಿತು. ಕಿಟಕಿ ಹೋಯಿತು, ಅದರ ಬದಲು ಹಗಲಿನ ಬಣ್ಣದ, 5,000 ಕೆಲ್ವಿನ್ನಿನ ಒಂದು ಸಾಲು ದೀಪ ಬಂತು. ಅದರ ಸ್ವಿಚ್ಚನ್ನು ಮಾರುವವರ ಮೇಜಿನ ಹಿಂದೆ ಇಡಬೇಕೆಂದು ಅವರು, ಕನ್ನಡಿಯ ಪಕ್ಕದಲ್ಲಿ, ಕೊಳ್ಳುವವರ ಕೈಗೆ ಸಿಗುವಂತೆ ಇಡಬೇಕೆಂದು ಇವಳು. ಅದೊಂದರಲ್ಲಿ ಮಾತ್ರ ಇವಳು ಬಗ್ಗಲಿಲ್ಲ. ತನ್ನ ಸಂಭಾವನೆಯಲ್ಲಿ ಒಂದು ಕಂತನ್ನು ಬಿಟ್ಟುಕೊಟ್ಟು ಸ್ವಿಚ್ಚನ್ನು ಕನ್ನಡಿಯ ಪಕ್ಕಕ್ಕೆ ತಂದಳೆಂದು ಅವಳ ತಂದೆ ಆಮೇಲೆ ನನಗೆ ಹೇಳಿದರು.

ಶ್ರಾವಣದಲ್ಲಿ ಅಂಗಡಿ ತೆರೆಯಿತು. ನಾವೂ ಹೋಗಿದ್ದೆವು. ಮೊದಲ ಗಿರಾಕಿಗಳಾಗಿ ಬಂದ ಮನೆಯವರ ಜೊತೆ ಎಂಬತ್ತರ ಹತ್ತಿರದ ಅಜ್ಜಿಯೊಬ್ಬರಿದ್ದರು. ಮೊಮ್ಮಗಳು ವೇದಿಕೆಯ ಮೇಲೆ ಅರಗಿನ ಬಣ್ಣದ ಸೀರೆ ಹೊದ್ದು ನಿಂತಿದ್ದಳು. ನಿಜಕ್ಕೂ ಗೌರಿಯ ಹಾಗೆ ಕಾಣುತ್ತಿದ್ದಳು. ಅಜ್ಜಿ ಎದ್ದು ಸೆರಗನ್ನು ಕೈಗೆ ತೆಗೆದುಕೊಂಡು ಸುತ್ತಲೂ ನೋಡಿ, "ಇಲ್ಲಿ ಬೆಳಕು ಯಾವ ಕಡೆ ಇದೆ ಮಗು?" ಎಂದರು. ಅಂಗಡಿಯ ಹುಡುಗಿ ಬಹಳ ವಿನಯದಿಂದ, "ಇಲ್ಲೇ ಇದೆ ಅಜ್ಜಿ" ಎಂದು ಕನ್ನಡಿಯ ಪಕ್ಕದ ಸ್ವಿಚ್ಚನ್ನು ತೋರಿಸಿ, ತಾನೇ ಒತ್ತಿದಳು. ಕೋಣೆ ಬೆಳ್ಳಗಾಯಿತು. ಸೀರೆ ಒಂದು ಛಾಯೆ ಇಳಿಯಿತು. ಅಜ್ಜಿ ಸೀರೆಯನ್ನು ನೋಡಲಿಲ್ಲ. ತಲೆಯೆತ್ತಿ ತಾರಸಿಯ ದೀಪದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಇದೂ ನಿಮ್ಮ ಬೆಳಕೇ ಅಲ್ವೇನಮ್ಮಾ?" ಎಂದರು.

ನನ್ನ ಸ್ನೇಹಿತರ ಮಗಳು ನನ್ನ ಕಡೆ ನೋಡಿದಳು. ನಾನು ರತ್ನಗಂಬಳಿಯನ್ನು ನೋಡುತ್ತಿದ್ದೆ.